ಇನ್‌ಹೆರಿಟೆನ್ಸ್ ಮರ ಹತ್ತಿ, ಆಮೇಲೆ ಇಳಿದ ನನ್ನ ಅನುಭವ

ನಮ್ಮ ಜಾವಾ ಕೋಡಲ್ಲಿ ಬೇಸ್‌ಆರ್ಡರ್ ಅಂತ ಒಂದು ಕ್ಲಾಸ್ (ಡೇಟಾ, ಅದರ ಮೇಲಿನ ಕೆಲಸ ಎರಡನ್ನೂ ಸೇರಿಸಿದ ಅಚ್ಚು) ಇತ್ತು, ನಾನೇ ಬರೆದಿದ್ದು. ಅಪ್ಪ ಕ್ಲಾಸಿನ ಗುಣಗಳೆಲ್ಲ ಮಕ್ಕಳ ಕ್ಲಾಸಿಗೆ ಬರೋದಕ್ಕೇ ಇನ್‌ಹೆರಿಟೆನ್ಸ್ ಅನ್ನೋದು. ಬೇಸ್‌ಆರ್ಡರ್ ಕೆಳಗೆ ಎಕ್ಸ್‌ಪ್ರೆಸ್ ಆರ್ಡರ್, ಅದರ ಕೆಳಗೆ ಫಾರಿನ್ ಎಕ್ಸ್‌ಪ್ರೆಸ್, ಪಕ್ಕದಲ್ಲಿ ಗಿಫ್ಟ್ ಆರ್ಡರ್. ಏನ್ ಚಂದ ಡಿಸೈನಪ್ಪಾ ಅಂತ ನನ್ನ ಬೆನ್ನು ನಾನೇ ತಟ್ಕೊಂಡಿದ್ದೆ. ಒಂದಿನ ಗಿಫ್ಟೂ ಹೌದು ಎಕ್ಸ್‌ಪ್ರೆಸ್ಸೂ ಹೌದು ಅನ್ನೋ ಆರ್ಡರ್ ಬೇಕು ಅಂದ್ರು ನೋಡಿ, ಅಲ್ಲಿಗೆ ಮುಗೀತು ಕತೆ, ಯಾಕಂದ್ರೆ ಜಾವಾದಲ್ಲಿ ಒಂದು ಕ್ಲಾಸಿಗೆ ಅಪ್ಪ ಒಬ್ಬನೇ. ಕೊನೆಗೆ ಗಿಫ್ಟ್ ಕೋಡನ್ನ ಕಾಪಿ ಹೊಡೆದು ಎಕ್ಸ್‌ಪ್ರೆಸ್ ಒಳಗೆ ಅಂಟಿಸಿದೆ.

ಇನ್ನೊಂದು ಪಿಕಪ್ ಆರ್ಡರ್. ಗ್ರಾಹಕರೇ ಬಂದು ತಗೊಂಡು ಹೋಗ್ತಾರೆ, ಹಾಗಾಗಿ ಅಡ್ರೆಸ್ಸೇ ಇಲ್ಲ. ಆದ್ರೆ ಬೇಸ್ ಕ್ಲಾಸಲ್ಲಿ ಅಡ್ರೆಸ್ ಕೊಡೋ ಮೆಥಡ್ ಇದೆಯಲ್ಲ, ಅದನ್ನ ಓವರ್‌ರೈಡ್ ಮಾಡಿ, ಅಂದ್ರೆ ಮಗನ ಕ್ಲಾಸಲ್ಲಿ ಬೇರೆ ಥರ ಬರೆದು, ಎಕ್ಸೆಪ್ಷನ್ (ಕೆಲಸ ನಿಲ್ಲಿಸೋ ಎರರ್) ಎಸೆದುಬಿಟ್ಟೆ. ಲೇಬಲ್ ಪ್ರಿಂಟ್ ಮಾಡೋ ಜಾಬು ರಾತ್ರಿ ಒಂದು ಪಿಕಪ್ ಆರ್ಡರ್ ಸಿಕ್ಕಿ ಅಲ್ಲೇ ಬಿತ್ತು, ಅದರ ಹಿಂದಿದ್ದ ಆರ್ಡರ್‌ಗಳೆಲ್ಲ ಹಾಗೇ ಉಳಿದ್ವು. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರಲ್ಲೇ ಹೇಳಿದ್ದ ವಿಷಯ ಇದು, ಅಪ್ಪನನ್ನ ನಂಬಿ ಬರೆದ ಕೋಡಿಗೆ ಮಗನನ್ನ ಕೊಟ್ರೂ ಅದು ಕೆಡಬಾರದು ಅಂತ. ಸಾಲಿಡ್ (SOLID) ಅಂತ ಡಿಸೈನಿನ ಐದು ನಿಯಮಗಳ ಐದೂ ಅಕ್ಷರ ಇಂಟರ್‌ವ್ಯೂಗೆ ಬಾಯಿಪಾಠ ಮಾಡಿದ್ದೆ, ಅದರಲ್ಲಿ ಲಿಸ್ಕೋವ್ ಹೆಸರಿನ ಎಲ್ ಅಂದ್ರೆ ಏನು ಅಂತ ಅರ್ಥ ಆಗಿದ್ದು ಆ ರಾತ್ರಿ. (ಜಾವಾದವರೇನೂ ಸಾಚಾ ಅಲ್ಲ, ಲಿಸ್ಟ್.ಆಫ್ ಕೊಡೋ, ಬದಲಾಯಿಸೋಕಾಗದ ಲಿಸ್ಟಿಗೆ ಏನಾದ್ರೂ ಆಡ್ ಮಾಡಿ ನೋಡಿ, ಅದೂ ಎಕ್ಸೆಪ್ಷನ್ನೇ ಎಸೆಯುತ್ತೆ.)

ಸರಿಮಾಡೋಕೆ ಮೊದಲು ಮರ ಕಡಿದೆ. ಆರ್ಡರ್ ಒಂದೇ ಕ್ಲಾಸು, ಅದರೊಳಗೆ ಡೆಲಿವರಿ ಅಂತ ಒಂದು ಫೀಲ್ಡು, ಗಿಫ್ಟ್ ರ‍್ಯಾಪ್ ಇದ್ರೆ ಅದು ಇನ್ನೊಂದು ಫೀಲ್ಡು. ಡೆಲಿವರಿ ಅನ್ನೋದು ಸೀಲ್ಡ್ ಇಂಟರ್‌ಫೇಸು, ಅಂದ್ರೆ ಯಾವ್ಯಾವ ವಿಧ ಇರಬಹುದು ಅಂತ ಮೊದಲೇ ಹೇಳಿ ಮುಚ್ಚಿದ್ದು, ಅದರಲ್ಲಿ ನಾರ್ಮಲ್, ಎಕ್ಸ್‌ಪ್ರೆಸ್, ಪಿಕಪ್ ಅಂತ ಮೂರು ರೆಕಾರ್ಡ್ (ಡೇಟಾ ಹಿಡಿದಿಡೋ ಚಿಕ್ಕ ಕ್ಲಾಸು). ಪಿಕಪ್ ರೆಕಾರ್ಡಲ್ಲಿ ಅಡ್ರೆಸ್ ಅನ್ನೋ ಫೀಲ್ಡೇ ಇಲ್ಲ, ಹಾಗಾಗಿ ತಪ್ಪಿ ಕೇಳೋಕೂ ಆಗಲ್ಲ, ಕೋಡ್ ಓಡೋ ಮೊದಲೇ ಕಂಪೈಲರ್ರೇ ಬೈಯುತ್ತೆ.

ಆಮೇಲೆ ಚಾರ್ಜ್ ಲೆಕ್ಕ. ಇದರಲ್ಲೇ ನಾನು ಜಾಸ್ತಿ ಕಲಿತಿದ್ದು. ಹಳೇ ಮೆಥಡ್ಡು ಒಳಗೇ ಡೇಟಾಬೇಸಿಗೆ ಹೋಗಿ ರೇಟ್ ತರೋದು, ಒಳಗೇ ಇವತ್ತಿನ ತಾರೀಕು ಕೇಳೋದು, ಲೆಕ್ಕ ಹಾಕೋದು, ಒಳಗೇ ಸೇವ್ ಮಾಡೋದು. ಟೆಸ್ಟ್ ಬರೆಯೋಕೆ ಹೋದ್ರೆ ಮಾಕ್‌ಗಳದ್ದೇ (ಡೇಟಾಬೇಸ್ ಮುಂತಾದವುಗಳ ಬದಲು ನಿಲ್ಲಿಸೋ ನಕಲಿಗಳು) ಜಾತ್ರೆ, ಅದರ ಮೇಲೆ ಒಂದು ಟೆಸ್ಟು ತಿಂಗಳ ಕೊನೇ ದಿನ ಮಾತ್ರ ಫೇಲ್ ಆಗೋದು, ಮಾರನೇ ದಿನ ತಾನಾಗೇ ಸರಿಹೋಗೋದು, ನಾವೂ ಹೋಗ್ಲಿ ಬಿಡು ಅಂತ ಸುಮ್ಮನಾಗ್ತಿದ್ವಿ. ಅದನ್ನ ಮೂರು ತುಂಡು ಮಾಡಿದೆ. ಬೇಕಾದ ಡೇಟಾ ಮೊದಲೇ ತರೋದು, ನಿರ್ಧಾರ ಮಾಡೋದು, ಕೊನೆಗೆ ಸೇವ್ ಮಾಡೋದು. ನಡುವಿನದ್ದು ಪ್ಯೂರ್ ಫಂಕ್ಷನ್, ಆರ್ಡರ್, ರೇಟ್ ಟೇಬಲ್, ತಾರೀಕು ಮೂರನ್ನೂ ಆರ್ಗ್ಯುಮೆಂಟ್ ಆಗಿ ತಗೊಂಡು ಚಾರ್ಜ್ ವಾಪಸ್ ಕೊಡುತ್ತೆ ಅಷ್ಟೇ, ಹೊರಗಿನ ಯಾವುದನ್ನೂ ಮುಟ್ಟಲ್ಲ. ಈಗ ಟೆಸ್ಟಲ್ಲಿ ಫೆಬ್ರವರಿ 29 ಬೇಕಾದ್ರೆ ಫೆಬ್ರವರಿ 29 ಕೊಡ್ತೀನಿ, ಒಂದು ಮಾಕೂ ಬೇಡ. ಡಿಸ್ಕೌಂಟಿಗೆ ಅಂತ ಒಂದೊಂದು ಲೆಕ್ಕಕ್ಕೆ ಒಂದೊಂದರಂತೆ ಇದ್ದ ಸ್ಟ್ರಾಟಜಿ ಕ್ಲಾಸುಗಳೂ ಹೋದ್ವು. ಒಂದೇ ಮೆಥಡ್ ಇರೋ ಇಂಟರ್‌ಫೇಸಿಗೆ ಲ್ಯಾಂಬ್ಡಾ (ಹೆಸರಿಲ್ಲದ ಚಿಕ್ಕ ಫಂಕ್ಷನ್) ಕೊಟ್ರೆ ಸಾಕು ಅನ್ನೋದು 2014ರಲ್ಲಿ ಜಾವಾ 8 ಬಂದಾಗಿಂದ ಇರೋ ಸೌಲಭ್ಯ, ನಾವೇ ಬಳಸಿರಲಿಲ್ಲ.

ಇಷ್ಟಾದ ಮೇಲೆ ನನಗೆ ಎಲ್ಲವನ್ನೂ ಫಂಕ್ಷನ್‌ಗಳಲ್ಲೇ ಬರೆಯೋ ಫಂಕ್ಷನಲ್ ಹುಚ್ಚು ಹಿಡೀತು. ಕಂಡಕಂಡ ಫಾರ್ ಲೂಪನ್ನೆಲ್ಲ ಸ್ಟ್ರೀಮ್ (ಡೇಟಾವನ್ನ ಒಂದರ ಹಿಂದೊಂದು ಫಂಕ್ಷನ್ ಮೂಲಕ ಹರಿಸೋ ರೀತಿ) ಮಾಡಿದೆ. ಒಂದು ಕಡೆ ಸ್ಪೀಡ್ ಆಗ್ಲಿ ಅಂತ ಹಲವು ಥ್ರೆಡ್‌ಗಳಲ್ಲಿ ಒಟ್ಟಿಗೆ ಓಡೋ ಪ್ಯಾರಲಲ್ ಸ್ಟ್ರೀಮ್ ಹಾಕಿ, ಫಾರ್‌ಈಚ್ ಒಳಗಿಂದ ಹೊರಗಿನ ಅರೇಲಿಸ್ಟಿಗೆ ಆಡ್ ಮಾಡಿದ್ದೆ, ರಿಪೋರ್ಟಲ್ಲಿ ಆಗೊಮ್ಮೆ ಈಗೊಮ್ಮೆ ಒಂದೆರಡು ಸಾಲು ಮಾಯ! ಅರೇಲಿಸ್ಟ್ ಥ್ರೆಡ್ ಸೇಫ್ ಅಲ್ಲ, ಹಲವು ಥ್ರೆಡ್ ಒಟ್ಟಿಗೆ ಬರೆದ್ರೆ ಕೆಡುತ್ತೆ ಅಂತ ಗೊತ್ತಿದ್ದೂ ಮಾಡಿದ ತಪ್ಪು. ಫಲಿತಾಂಶವನ್ನ ಸ್ಟ್ರೀಮೇ ಕೂಡಿಸಿ ಕೊಡೋ ಕಲೆಕ್ಟ್ ಬಳಸಿ ಸರಿ ಮಾಡಿದೆ, ಪ್ಯಾರಲಲ್ಲೂ ತೆಗೆದೆ. ಫ್ಲಾಟ್‌ಮ್ಯಾಪ್ (ಲಿಸ್ಟ್ ಒಳಗಿನ ಲಿಸ್ಟ್‌ಗಳನ್ನ ಒಂದೇ ಸಾಲು ಮಾಡೋದು) ಒಳಗೆ ಫ್ಲಾಟ್‌ಮ್ಯಾಪ್ ಇದ್ದ ಒಂದು ಚೈನನ್ನಂತೂ ಎರಡು ತಿಂಗಳಾದ ಮೇಲೆ ನನಗೇ ಓದೋಕಾಗ್ಲಿಲ್ಲ, ವಾಪಸ್ ಲೂಪ್ ಮಾಡಿದೆ, ಒಳಗಡೆ ಲೋಕಲ್ ವೇರಿಯಬಲ್ ಬದಲಾದ್ರೆ ಆಗ್ಲಿ, ಹೊರಗಿನವರಿಗೆ ಕಾಣಲ್ಲವಲ್ಲ. ರೆಕಾರ್ಡ್ ಅಂದ್ರೆ ಬದಲಾಗಲ್ಲ ಅಂತ ನಂಬಿಯೂ ಏಟು ತಿಂದೆ, ಅದರೊಳಗಿನ ಲಿಸ್ಟನ್ನ ಯಾರು ಬೇಕಾದ್ರೂ ಬದಲಾಯಿಸಬಹುದು. ಈಗ ರೆಕಾರ್ಡ್ ಹುಟ್ಟೋ ಕನ್‌ಸ್ಟ್ರಕ್ಟರಲ್ಲೇ ಬದಲಾಗದ ನಕಲು ಕೊಡೋ ಲಿಸ್ಟ್.ಕಾಪಿಆಫ್ ಹಾಕ್ತೀನಿ.

ಹಾಗಾದ್ರೆ ಎಲ್ಲಿ ಸೀಲ್ಡ್ ಟೈಪು, ಎಲ್ಲಿ ಮಾಮೂಲಿ ಇಂಟರ್‌ಫೇಸು ಅಂತ ಟೀಮಲ್ಲಿ ಕೇಳ್ತಾರೆ. ನಾನು ನೋಡೋದು ಮುಂದೆ ಏನು ಜಾಸ್ತಿ ಬರುತ್ತೆ ಅಂತ. ನಮ್ಮಲ್ಲಿ ಡೆಲಿವರಿ ವಿಧಗಳು ಮೂರೇ, ಅಪರೂಪಕ್ಕೆ ಬದಲಾಗೋದು, ಆದ್ರೆ ಅವುಗಳ ಮೇಲಿನ ಕೆಲಸ ಬರ್ತಾನೇ ಇರುತ್ತೆ, ಟ್ಯಾಕ್ಸು, ಲೇಬಲ್ಲು, ಎಕ್ಸ್‌ಪೋರ್ಟು. ಅಲ್ಲಿ ಸೀಲ್ಡ್ ಟೈಪು, ವಿಧಕ್ಕೊಂದು ಕವಲಿದ್ದು ‘ಉಳಿದದ್ದೆಲ್ಲ’ ಅನ್ನೋ ಡಿಫಾಲ್ಟ್ ಇಲ್ಲದ ಸ್ವಿಚ್ಚು, ಅಕಸ್ಮಾತ್ ನಾಲ್ಕನೇ ವಿಧ ಬಂದ್ರೆ ಎಲ್ಲೆಲ್ಲಿ ಬಿಟ್ಟಿದ್ದೀವಿ ಅಂತ ಜಾವಾ 21 ಕಂಪೈಲರ್ ತೋರಿಸುತ್ತೆ. ಪೇಮೆಂಟ್ ಗೇಟ್‌ವೇ ಕತೆ ಉಲ್ಟಾ, ಮಾಡೋ ಕೆಲಸ ಎರಡೇ, ದುಡ್ಡು ತಗೊಳ್ಳೋದು, ವಾಪಸ್ ಕೊಡೋದು, ಆದ್ರೆ ಗೇಟ್‌ವೇಗಳು ಹೊಸಹೊಸದು ಸೇರ್ತಾ ಇರುತ್ವೆ. ಅಲ್ಲಿ ಹಳೇ ಕಾಲದ ಇಂಟರ್‌ಫೇಸೇ ಸರಿ, ಹೊಸ ಕ್ಲಾಸ್ ಬರೆದ್ರೆ ಆಯ್ತು, ಹಳೇ ಕೋಡ್ ಮುಟ್ಟಬೇಕಾಗಿಲ್ಲ. ಕಂಪ್ಯೂಟರ್ ವಿಜ್ಞಾನಿ ಫಿಲಿಪ್ ವ್ಯಾಡ್ಲರ್ 1998ರಲ್ಲಿ ಈ ಎಳೆದಾಟಕ್ಕೆ ಎಕ್ಸ್‌ಪ್ರೆಶನ್ ಪ್ರಾಬ್ಲಮ್ ಅಂತ ಹೆಸರಿಟ್ಟಿದ್ದು ನನಗೆ ಆಮೇಲೆ ಗೊತ್ತಾಯ್ತು.

ಬೇಸ್‌ಆರ್ಡರ್ ಇನ್ನೂ ಪೂರ್ತಿ ಸತ್ತಿಲ್ಲ, ರೀಫಂಡ್ ರಿಪೋರ್ಟ್ ಅದನ್ನೇ ನೆಚ್ಕೊಂಡಿದೆ. ಅದಕ್ಕೆ ಟೆಸ್ಟೂ ಇಲ್ಲ, ಹಾಗಾಗಿ ಮೊದಲು ಈಗ ಬರ್ತಿರೋ ಔಟ್‌ಪುಟ್ಟನ್ನೇ ಹಿಡಿದಿಟ್ಟು ಒಂದಷ್ಟು ಟೆಸ್ಟ್ ಬರೀತಿದ್ದೀನಿ, ಕೈ ಹಾಕೋದು ಆಮೇಲೆ.