ಬೆಳಿಗ್ಗೆ ಹಿರೋಶಿಮಾ, ಸಂಜೆ ಮಿಯಾಜಿಮಾ

ಮೈಸೂರಿಂದ ಬಂದಿದ್ದ ಅಮ್ಮನನ್ನು ಹಿರೋಶಿಮಾಕ್ಕೆ ಕರೆದುಕೊಂಡು ಹೋಗುವಾಗ ನಾನು ಮೊದಲು ನೋಡಿದ್ದು ಸಮುದ್ರದ ಉಬ್ಬರ-ಇಳಿತದ ಪಟ್ಟಿ. ಮಿಯಾಜಿಮಾ ದ್ವೀಪದ ಇತ್ಸುಕುಶಿಮಾ ದೇಗುಲದ ಮುಂದೆ ಟೋರಿ ಅನ್ನುವ ಕೆಂಪು ಹೆಬ್ಬಾಗಿಲಿದೆ. ನೀರು 250 ಸೆಂಟಿಮೀಟರ್ ದಾಟಿದರೆ ಅದು ತೇಲುವ ಹಾಗೆ ಕಾಣುತ್ತದೆ. 100ಕ್ಕಿಂತ ಕಮ್ಮಿಯಾದರೆ ಅದರ ಬುಡದ ತನಕ ನಡೆದೇ ಹೋಗಬಹುದು. ಆವತ್ತು ಉಬ್ಬರ ಇದ್ದದ್ದು ಸಂಜೆ. ಹಾಗಾಗಿ ಬೆಳಿಗ್ಗೆ ಶಾಂತಿ ಸ್ಮಾರಕಕ್ಕೆ ಹೋದೆವು.

ಮ್ಯೂಸಿಯಂ ಟಿಕೆಟ್ 200 ಯೆನ್. ಬೇಗ ಹೋಗಿ, ಆಮೇಲೆ ಜನ ಜಾಸ್ತಿ. ಒಳಗೆ ಒಂದು ಗಾಜಿನ ಪೆಟ್ಟಿಗೆಯಲ್ಲಿ ಮೂರು ಚಕ್ರದ ಸೈಕಲ್ ಇದೆ. ಮೈಯೆಲ್ಲ ತುಕ್ಕು. 1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ ಅಣುಬಾಂಬ್ ಸಿಡಿದಾಗ ಒಂದು ಮಗು ಮನೆ ಮುಂದೆ ಅದನ್ನು ತುಳಿಯುತ್ತಿತ್ತು. ರಾತ್ರಿ ತೀರಿಕೊಂಡಿತು. ಅಷ್ಟು ಸಣ್ಣ ಕೂಸನ್ನು ದೂರದಲ್ಲಿ ಒಂಟಿಯಾಗಿ ಬಿಡಲು ಅಪ್ಪನಿಗೆ ಮನಸ್ಸು ಬರಲಿಲ್ಲ. ಹಿತ್ತಿಲಲ್ಲೇ ಮಣ್ಣು ಮಾಡಿ, ಸೈಕಲ್ಲನ್ನೂ ಜೊತೆಗಿಟ್ಟರು. 40 ವರ್ಷ ಆದಮೇಲೆ, 1985ರಲ್ಲಿ, ಅಗೆದು ತೆಗೆದು ಮ್ಯೂಸಿಯಂಗೆ ಕೊಟ್ಟರು.

"ಎಷ್ಟು ವರ್ಷ ಮಗುಗೆ?" ಅಮ್ಮ ಕೇಳಿದರು.

"ನಾಲ್ಕು ತುಂಬಿರಲಿಲ್ಲಮ್ಮ."

ಅವರು ಅಲ್ಲಿಂದ ಕದಲಲೇ ಇಲ್ಲ.

ಹೊರಗೆ ನದಿ ಪಕ್ಕ ಬಾಂಬ್ ಡೋಮ್ ಇದೆ, ಆ ದಾಳಿಯಲ್ಲಿ ಪಾಳುಬಿದ್ದ ಗುಮ್ಮಟದ ಕಟ್ಟಡ. 1915ರ ಕಟ್ಟಡ. ಹೆಚ್ಚುಕಮ್ಮಿ ನೆತ್ತಿಯ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ ಬಾಂಬ್ ಸಿಡಿದಿದ್ದರಿಂದ ಹೊಡೆತ ಪಕ್ಕದಿಂದಲ್ಲ, ಮೇಲಿಂದ ಬಿತ್ತು; ಹಾಗಾಗಿ ಒಂದಷ್ಟು ಗೋಡೆ ನಿಂತಿವೆ.

ಅಲ್ಲಿಂದ ದ್ವೀಪದ ಫೆರಿ ಹತ್ತುವ ಮಿಯಾಜಿಮಾಗುಚಿಗೆ ರೈಲಿನಲ್ಲಿ ಬೇಗ ತಲುಪಬಹುದು. ನಾವು ಡೋಮ್ ಎದುರೇ 2ನೇ ನಂಬರಿನ ಟ್ರಾಮ್ ಹತ್ತಿದೆವು. ಸುಮಾರು 50 ನಿಮಿಷ. ಅಮ್ಮ ಕಿಟಕಿ ಕಡೆ ನೋಡುತ್ತಾ ಕೂತಿದ್ದರು, ನಾನೂ ಮಾತಾಡಿಸಲಿಲ್ಲ. ನೀವೂ ಟ್ರಾಮಲ್ಲೇ ಹೋಗಿ. ಆ ಸೈಕಲ್ ನೋಡಿ ತಕ್ಷಣ ದೇವರ ಮುಂದೆ ನಿಲ್ಲಲು ಆಗಲ್ಲ.

ಮಿಯಾಜಿಮಾಗುಚಿಯಿಂದ ಫೆರಿಯಲ್ಲಿ ಹತ್ತೇ ನಿಮಿಷ. ದೇಗುಲದ ಬಾಗಿಲಲ್ಲಿ ಸೌಟಿನಿಂದ ಎಡಗೈ, ಬಲಗೈ ತೊಳೆದು, ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಬೇಕು. ಅಮ್ಮನಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ. ದೇವರ ಮುಂದೆ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಂದು ಸಲ ಬಾಗಬೇಕು. ನೆಲದ ಹಲಗೆಗಳ ನಡುವೆ ಸಂದು ಬಿಟ್ಟಿದ್ದಾರೆ, ಉಬ್ಬರದ ನೀರು ಒತ್ತಿದಾಗ ಹಲಗೆ ಏಳದಿರಲಿ ಅಂತ. ಆ ಸಂದಿನಲ್ಲಿ ಕೆಳಗೆ ನೀರು ಏರುವುದು ಕಾಣುತ್ತಿತ್ತು.

ಈಗಿನ ಟೋರಿ 1875ರದ್ದು. ಕಂಬ ನೆಲದಲ್ಲಿ ಹೂತಿಲ್ಲ. ಮೇಲಿನ ತೊಲೆಯೊಳಗೆ ಕಲ್ಲು ತುಂಬಿ, ಬರೀ ಭಾರದ ಮೇಲೆ ನಿಲ್ಲಿಸಿದ್ದಾರೆ. ಪಕ್ಕದ ದೈಗಾನ್‌ಜಿ ಗುಡಿಯಲ್ಲಿರುವ ಬೆಂಜಾಯ್ತೆನ್ ನಮ್ಮ ಸರಸ್ವತಿಯೇ ಅಂದಾಗ ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದರು.

ವಾಪಸ್ ಫೆರಿಯಲ್ಲಿ ಕೂತ ಕೂಡಲೇ ಊರಿಗೆ ಫೋನ್ ಮಾಡಿಸಿದರು. ಅಣ್ಣನ ಮಗನಿಗೆ ಮೂರು ವರ್ಷ. "ಪುಟ್ಟ ಊಟ ಮಾಡಿದ್ನಾ? ಅವನ ಸೈಕಲ್ ಒಳಗಿಟ್ಟಿದ್ದೀರಾ?" ಅಂತ ಕೇಳಿದರು.