ಎಡ ಚಕ್ರದ ಟಕ್ ಸದ್ದು, ಮೂರು ಜಾಬ್ ಕಾರ್ಡು

ನನ್ನ ಕಾರಿನ ಮುಂಭಾಗದಿಂದ 'ಟಕ್' ಎಂಬ ಸದ್ದು ಮೊದಲ ಸಲ ಕಿವಿಗೆ ಬಿದ್ದದ್ದು ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ, ತೀರ್ಥಹಳ್ಳಿಯ ನಮ್ಮ ಬಡಾವಣೆಯ ಗುಂಡಿ ಬಿದ್ದ ರಸ್ತೆಯಿಂದ ಹೆದ್ದಾರಿಗೆ ಹತ್ತುವಾಗ. ಕಬ್ಬಿಣದ ಚಿಲಕ ಸಡಿಲವಾಗಿ ಬಾಗಿಲಿಗೆ ಬಡಿದಂತಹ ಒಣ ಸದ್ದು ಅದು. ಹೆದ್ದಾರಿಗೆ ಬಂದು ವೇಗ ಹಿಡಿದ ಮೇಲೆ ಮಾಯವಾಯಿತು. ಶಿವಮೊಗ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು ದಿನವೂ ಹೋಗಿ ಬರುವ ದಾರಿ ಸುಮಾರು 120 ಕಿಲೋಮೀಟರು. ಕಾರು ಆಗ 81,000 ಕಿಲೋಮೀಟರು ದಾಟಿತ್ತು, 3 ವರ್ಷದ ವಾರಂಟಿ ಮುಗಿಯಲು 3 ತಿಂಗಳು ಉಳಿದಿತ್ತು. ಈ ಕೊನೆಯ ಸಂಗತಿಯೇ ಮುಂದಿನ ನನ್ನ ಎಲ್ಲ ನಡವಳಿಕೆಯನ್ನೂ ನಿರ್ಧರಿಸಿತು.

ಮೊದಲನೆಯ ತಪ್ಪು ನನ್ನದೇ. ಅಧಿಕೃತ ಸರ್ವೀಸ್ ಸೆಂಟರಿಗೆ ಹೋಗಿ, "ಮುಂದೆ ಏನೋ ಸದ್ದು ಬರುತ್ತಿದೆ, ಸ್ವಲ್ಪ ನೋಡಿ" ಎಂದಷ್ಟೇ ಹೇಳಿ ಕೀಲಿಕೈ ಕೊಟ್ಟು ಕಾಲೇಜಿಗೆ ನಡೆದೆ. ಸಂಜೆ ಸರ್ವೀಸ್ ಅಡ್ವೈಸರ್ ನಗುಮುಖದಿಂದ, "ಡಿಕ್ಕೀಲಿ ಜಾಕ್ ಲೂಸ್ ಇತ್ತು ಸರ್, ಅದೇ ಸೌಂಡು. ಟೈಟ್ ಮಾಡಿಸಿದೀನಿ" ಎಂದರು. ನೋಡಿದರೆ ಸ್ಟೆಪ್ನಿಯ ಪಕ್ಕದಲ್ಲಿದ್ದ ಜಾಕ್ ನಿಜವಾಗಿಯೂ ಸಡಿಲವಾಗಿತ್ತು, ಅದೂ ಸದ್ದು ಮಾಡುತ್ತಿದ್ದಿರಬೇಕು. ಆದರೆ ಮನೆಗೆ ಮರಳುವ ದಾರಿಯಲ್ಲಿ ಗಾಜನೂರು ದಾಟಿ ಸಕ್ರೆಬೈಲಿಗೆ ಬರುವಷ್ಟರಲ್ಲಿ ರಸ್ತೆಯ ಅಂಚಿನ ಗುಂಡಿಯೊಂದಕ್ಕೆ ಎಡ ಚಕ್ರ ಇಳಿಯಿತು, 'ಟಕ್' ಎಂಬ ಅದೇ ಸದ್ದು ಮತ್ತೆ ಕೇಳಿತು. ಮನೆಗೆ ಬಂದು ಜಾಬ್ ಕಾರ್ಡ್, ಅಂದರೆ ಗ್ರಾಹಕರ ದೂರನ್ನೂ ಮಾಡಿದ ಕೆಲಸವನ್ನೂ ಸರ್ವೀಸ್ ಸೆಂಟರಿನವರು ಬರೆದುಕೊಡುವ ಹಾಳೆಯನ್ನು ಬಿಡಿಸಿ ಓದಿದೆ. ಗ್ರಾಹಕರ ದೂರು ಎಂಬ ಜಾಗದಲ್ಲಿ 'ಜನರಲ್ ಚೆಕಪ್' ಎಂದಿತ್ತು. ನನ್ನ ದೂರು ಅವರ ದಾಖಲೆಯಲ್ಲಿ ಹುಟ್ಟಿಯೇ ಇರಲಿಲ್ಲ. ವಾರಂಟಿ ಮುಗಿದ ಮರುದಿನ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್ ಕಳಚಿ ಬಿದ್ದರೂ, 'ನೀವು ಮೊದಲೇ ಹೇಳಿರಲಿಲ್ಲವಲ್ಲ' ಎನ್ನಲು ಅವರಿಗೆ ಆ ಒಂದು ಹಾಳೆ ಸಾಕಾಗುತ್ತಿತ್ತು.

ಅಂದಿನಿಂದ ಒಂದು ನೋಟ್ ಪುಸ್ತಕ ಇಟ್ಟೆ. ಸದ್ದು ಏನೆಂದು ಊಹಿಸುವುದನ್ನು ಬಿಟ್ಟು, ಅದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಮಾತ್ರ ಬರೆಯಬೇಕೆಂಬುದು ನನಗೆ ನಾನೇ ಹಾಕಿಕೊಂಡ ಕಟ್ಟಳೆ. ಅದಕ್ಕೂ ಮೊದಲು ಕಾರನ್ನು ಪೂರ್ತಿ ಬರಿದು ಮಾಡಿದೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ಚಿಲ್ಲರೆ, ಬಾಗಿಲ ಜೇಬಿನ ನೀರಿನ ಬಾಟಲಿ, ಸೀಟಿನಡಿಯ ಕೊಡೆ, ಕೊನೆಗೆ ಜಾಕ್ ಮತ್ತು ಸ್ಟೆಪ್ನಿಯನ್ನೂ ಹೊರಗಿಟ್ಟು, ಹಿಂದಿನ ಸೀಟ್ ಬೆಲ್ಟುಗಳನ್ನು ಸಿಕ್ಕಿಸಿ, ನಮ್ಮ ಬೀದಿಯಲ್ಲಿ ನಾಲ್ಕು ಸುತ್ತು ಹಾಕಿದೆ. ಸದ್ದು ಹೋಗಲಿಲ್ಲ. ಹಾಗಾದರೆ ಅದು ಕಾರಿನದೇ.

ನಂತರ ಒಂದೊಂದೇ ಪರೀಕ್ಷೆ. ಉಬ್ಬು ದಾಟುವಾಗ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದರೆ ಸದ್ದು ನಿಲ್ಲುವುದಾದರೆ ಬ್ರೇಕ್ ಪ್ಯಾಡ್ ಅಥವಾ ಅದನ್ನು ಒತ್ತುವ ಕ್ಯಾಲಿಪರ್ ಕಡೆ ಅನುಮಾನಪಡಬೇಕು, ಏಕೆಂದರೆ ಒತ್ತಿದಾಗ ಪ್ಯಾಡುಗಳು ಡಿಸ್ಕಿಗೆ ಕಚ್ಚಿಕೊಂಡು ಅಲುಗುವುದು ನಿಲ್ಲುತ್ತದೆ. ನನ್ನದು ನಿಲ್ಲಲಿಲ್ಲ. ಖಾಲಿ ಮೈದಾನದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ವೃತ್ತ ಸುತ್ತಿದಾಗ 'ಕಟಕಟ' ಎಂದು ಸರಣಿಯಾಗಿ ಬಂದರೆ ಎಂಜಿನ್ನಿನ ಶಕ್ತಿಯನ್ನು ತಿರುಗುವ ಚಕ್ರಕ್ಕೆ ಮುಟ್ಟಿಸುವ ಕೀಲಾದ, ಚಕ್ರದ ಕಡೆಯ ಸಿವಿ ಜಾಯಿಂಟ್ ಕೆಟ್ಟಿದೆ ಎಂದರ್ಥ, ಅದೂ ಬರಲಿಲ್ಲ. ನಿಂತಲ್ಲೇ ಸ್ಟೀರಿಂಗ್ ಆಡಿಸಿದಾಗ ಸ್ಪ್ರಿಂಗ್ ಮಿಡಿದಂತೆ ಕೇಳಿದರೆ ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಮೌಂಟ್ ಬೇರಿಂಗ್ ಎನ್ನುತ್ತಾರೆ, ಅಲ್ಲೂ ಮೌನ. ಚಕ್ರದ ಬೇರಿಂಗಿನದು ಟಕ್ ಎನ್ನುವ ಸದ್ದಲ್ಲ, ವೇಗದೊಂದಿಗೆ ಏರುವ ಗುಂಯ್ ಎಂಬ ದನಿ. ಕಾರನ್ನು ಬಲಕ್ಕೆ ತಿರುಗಿಸಿದಾಗ ಭಾರ ಎಡಕ್ಕೆ ವಾಲುವುದರಿಂದ ಎಡ ಬೇರಿಂಗ್ ಕೆಟ್ಟಿದ್ದರೆ ಆ ದನಿ ಜೋರಾಗುತ್ತದೆ. ಅದೂ ಇರಲಿಲ್ಲ. ಎಡಗಡೆಯ ಗಾಜು ಇಳಿಸಿಕೊಂಡು ಕಾಲೇಜಿನ ಕಾಂಪೌಂಡ್ ಗೋಡೆಯ ಪಕ್ಕದಲ್ಲೇ ನಿಧಾನವಾಗಿ ಹೋದಾಗ ಮಾತ್ರ ಸದ್ದು ಗೋಡೆಗೆ ಬಡಿದು ನೇರ ಕಿವಿಗೆ ಬಂದಿತು. ಮುಂದಿನ ಎಡ ಚಕ್ರದ ಬಳಿಯಿಂದಲೇ ಎಂಬುದು ಖಚಿತವಾಯಿತು.

ಎರಡನೆಯ ಸಲ ಹೋಗುವಾಗ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದೊಯ್ದೆ, ದೂರನ್ನು ನನ್ನ ಮಾತಿನಲ್ಲೇ ಜಾಬ್ ಕಾರ್ಡಿಗೆ ಹಾಕಿಸಿದೆ, ಕೀಲಿಕೈ ಕೊಡುವ ಮುನ್ನ ಓಡೋಮೀಟರಿನ ಫೋಟೊ ತೆಗೆದೆ: 83,412. ಸಂಜೆ ಬಂದ ಉತ್ತರ, "ಐದು ಕಿಲೋಮೀಟರ್ ಟೆಸ್ಟ್ ಡ್ರೈವ್ ಮಾಡಿದ್ವಿ ಸರ್, ಏನೂ ಇಲ್ಲ. ಈ ಗಾಡೀಲಿ ಅಷ್ಟು ಸೌಂಡ್ ನಾರ್ಮಲ್." ಓಡೋಮೀಟರ್ 83,413 ತೋರಿಸುತ್ತಿತ್ತು. ನಾನು ಜಗಳಕ್ಕೆ ನಿಲ್ಲಲಿಲ್ಲ. ಎರಡೂ ಫೋಟೊಗಳನ್ನು ತೋರಿಸಿ, ಈ ವ್ಯತ್ಯಾಸವನ್ನೂ ಜಾಬ್ ಕಾರ್ಡಿನಲ್ಲಿ ಬರೆದುಕೊಡಿ ಎಂದೆ. ಅವರು ಬರೆಯಲಿಲ್ಲ. ನಾನೇ ಸಹಿ ಮಾಡುವ ಜಾಗದ ಮೇಲ್ಗಡೆ 'ಸದ್ದು ಪರಿಹಾರವಾಗಿಲ್ಲ, ಓಡೋಮೀಟರ್ ಪ್ರಕಾರ ಓಡಿಸಿದ್ದು 1 ಕಿ.ಮೀ.' ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿ, ಅದರ ಫೋಟೊ ತೆಗೆದುಕೊಂಡೆ. 'ತೃಪ್ತಿಯಾಗಿದೆ' ಎಂಬ ಮುದ್ರಿತ ಸಾಲಿನ ಕೆಳಗೆ ಸುಮ್ಮನೆ ಸಹಿ ಹಾಕಿ ಬರುವವರೇ ನಮ್ಮಲ್ಲಿ ಹೆಚ್ಚು. ಮೊದಲ ಸಲ ನಾನೂ ಹಾಗೆಯೇ ಬಂದಿದ್ದೆ.

ಒಗಟು ಬಿಡಿಸಿಕೊಂಡದ್ದು ಒಂದು ಭಾನುವಾರ. ನಮ್ಮ ಬೀದಿಯ ರಸ್ತೆ ಉಬ್ಬನ್ನು ನೇರವಾಗಿ ದಾಟಿದರೆ ಸದ್ದಿಲ್ಲ, ಓರೆಯಾಗಿ ದಾಟಿದರೆ ಸದ್ದು! ಹತ್ತು ಸಲ ಹಾಗೆ, ಹತ್ತು ಸಲ ಹೀಗೆ ದಾಟಿದೆ. ಬೀದಿಯವರು ನನಗೆ ಏನೋ ಆಗಿದೆ ಎಂದುಕೊಂಡಿರಬೇಕು. ಕಾರಣ ಹೊಳೆದದ್ದು ಪುಸ್ತಕದಲ್ಲಿ ಒಂದು ಚಿತ್ರ ಬರೆದುಕೊಂಡಾಗ. ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಸ್ಟೆಬಿಲೈಜರ್ ಬಾರ್ ಎಂಬ ಬಾಗಿದ ಉಕ್ಕಿನ ಸರಳಿರುತ್ತದೆ. ತಿರುವಿನಲ್ಲಿ ಕಾರು ವಾಲದಂತೆ ತಡೆಯುವುದು ಅದರ ಕೆಲಸ. ಅದರ ಎರಡೂ ತುದಿಗಳನ್ನು ಸಸ್ಪೆನ್ಷನ್ನಿಗೆ ಜೋಡಿಸುವುದು ಬೆರಳು ಗಾತ್ರದ ಲಿಂಕ್ ರಾಡ್. ಎರಡೂ ಚಕ್ರಗಳು ಒಟ್ಟಿಗೆ ಉಬ್ಬು ಹತ್ತಿದರೆ ಬಾರ್ ತನ್ನನ್ನು ಹಿಡಿದಿರುವ ರಬ್ಬರ್ ಬುಷ್‌ಗಳಲ್ಲಿ ಸುಮ್ಮನೆ ಉರುಳುತ್ತದೆ, ಲಿಂಕ್ ರಾಡಿನ ಮೇಲೆ ಒತ್ತಡ ಬೀಳುವುದು ಕಡಿಮೆ. ಒಂದೇ ಚಕ್ರ ಹತ್ತಿದಾಗ ಬಾರ್ ತಿರುಚಿಕೊಳ್ಳುತ್ತದೆ, ರಾಡಿನ ತುದಿಯ ಬಾಲ್ ಜಾಯಿಂಟ್ ಎಂಬ ಗುಂಡು ಕೀಲು ಸವೆದಿದ್ದರೆ ಆ ಕ್ಷಣದಲ್ಲಿ ಬಡಿಯುತ್ತದೆ. ಸರ್ವೀಸ್ ಸೆಂಟರಿನ ಮುಂದಿನ ರಸ್ತೆ ನುಣುಪು, ಅಲ್ಲಿನ ಒಂದೇ ಒಂದು ಉಬ್ಬನ್ನು ಅವರು ನೇರವಾಗಿಯೇ ದಾಟುತ್ತಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ಕೇಳಿಸುವಂತೆ ಓಡಿಸಿರಲಿಲ್ಲ ಅಷ್ಟೆ. ಐದು ಕಿಲೋಮೀಟರಿನ ಮಾತು ಮಾತ್ರ ಸುಳ್ಳು.

ಊಹೆಯನ್ನು ಗಟ್ಟಿ ಮಾಡಿಕೊಳ್ಳಲು ಪರಿಚಯದ ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯರು ಕಾರನ್ನು ಎತ್ತಲಿಲ್ಲ. "ಎತ್ತಿದ್ರೆ ಚಕ್ರ ಜೋತು ಬೀಳ್ತದೆ ಮೇಷ್ಟ್ರೇ, ಜಾಯಿಂಟು ಬೇರೆ ಕಡೆ ಹೋಗಿ ಕೂರ್ತದೆ, ಆಟ ಗೊತ್ತಾಗಲ್ಲ" ಎಂದು, ಸಮತಟ್ಟಾದ ನೆಲದಲ್ಲೇ ನಿಲ್ಲಿಸಿ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು ಗೇರಿನಲ್ಲಿಡಲು ಹೇಳಿದರು. ಹುಡುಗನೊಬ್ಬ ಬಾನೆಟ್ಟಿನ ಎಡ ಅಂಚನ್ನು ಹಿಡಿದು ಕಾರನ್ನು ಮೇಲೆ ಕೆಳಗೆ ಅಲುಗಿಸಿದ. ಅವರು ನನ್ನ ಕೈಯನ್ನೇ ಚಕ್ರದ ಹಿಂದೆ ತೂರಿಸಿ ಲಿಂಕ್ ರಾಡಿನ ಮೇಲ್ತುದಿಯ ಮೇಲೆ ಬೆರಳಿಡಿಸಿದರು. ಪ್ರತಿ ಅಲುಗಿಗೂ ಬೆರಳ ತುದಿಗೆ ನಾಡಿ ಬಡಿದಂತೆ 'ಟಿಕ್, ಟಿಕ್' ಎಂದು ತಾಕುತ್ತಿತ್ತು. ಬಲಗಡೆಯ ರಾಡಿನ ಮೇಲೆ ಬೆರಳಿಟ್ಟರೆ ಏನೂ ಇಲ್ಲ. ಎಡ ರಾಡಿನ ರಬ್ಬರ್ ಟೊಪ್ಪಿಯಲ್ಲಿ ಉಗುರಗಲದ ಸೀಳಿತ್ತು, ಒಳಗಿನ ಗ್ರೀಸಿನ ಜಾಗದಲ್ಲಿ ಕೆಂಪು ಕೆಸರು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಕಡೆಗೆ ತಿಂಗಳಿಗೆ ಎರಡು ಸಲ ಹೋಗುವ ಕಾರಿಗೆ ಅದು ಆಶ್ಚರ್ಯದ ಸಂಗತಿಯಲ್ಲ. ನಾನೇ ದುಡ್ಡು ಕೊಟ್ಟು ಬದಲಿಸಿಬಿಡೋಣವೇ ಎಂದು ಕೇಳಿದಾಗ ಅವರೇ ತಡೆದರು: "ವಾರಂಟಿ ಇದ್ದಾಗ ನಾನು ಸ್ಪ್ಯಾನರ್ ಹಾಕಿದ್ರೆ ನಾಳೆ ಎಲ್ಲದಕ್ಕೂ ನನ್ನ ಹೆಸರೇ ಹೇಳ್ತಾರೆ. ಅವರತ್ರಾನೇ ಮಾಡಿಸ್ರೀ." ಕೈ ತೋರಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮೂರನೆಯ ಭೇಟಿಗೆ ಮುನ್ನ ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ ಒಂದು ಇಮೇಲ್ ಕಳುಹಿಸಿದೆ. ಅದರಲ್ಲಿ ಕೋಪದ ಒಂದು ಪದವೂ ಇಲ್ಲದಂತೆ ನೋಡಿಕೊಂಡೆ. ಎರಡು ಜಾಬ್ ಕಾರ್ಡುಗಳ ಸಂಖ್ಯೆ, ದಿನಾಂಕ, ಓಡೋಮೀಟರ್ ಫೋಟೊ, ಸದ್ದು ಬರುವ ಮತ್ತು ಬಾರದ ಸಂದರ್ಭಗಳ ಪಟ್ಟಿ, ಉಬ್ಬನ್ನು ಓರೆಯಾಗಿ ದಾಟುವ ಅರ್ಧ ನಿಮಿಷದ ವಿಡಿಯೊ, ಮತ್ತು ಒಂದೇ ಬೇಡಿಕೆ: ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾನು ಹೇಳಿದ ರಸ್ತೆಯಲ್ಲಿ ವರ್ಕ್ಸ್ ಮ್ಯಾನೇಜರ್ ಕಾರು ಓಡಿಸಬೇಕು. ವಾರಂಟಿ ಮುಗಿಯುವ ದಿನಾಂಕವನ್ನು ದಪ್ಪಕ್ಷರದಲ್ಲಿ ಹಾಕಿದೆ. ಕೊನೆಯ ಸಾಲಿನಲ್ಲಿ, 10 ದಿನಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದಾಗಿಯೂ, ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾಗಿಯೂ ತಿಳಿಸಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನನ್ನಂಥವರಿಗೆ ಉಪಯೋಗವಾದ ಒಂದು ಅಂಶವೆಂದರೆ, ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ದೂರಿನ ಕಾರಣ ಉಂಟಾದಂದಿನಿಂದ 2 ವರ್ಷದೊಳಗೆ ಹಾಕಿದರಾಯಿತು. ನನಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರಲಿಲ್ಲ. ನಾಲ್ಕನೆಯ ದಿನ ಸರ್ವೀಸ್ ಸೆಂಟರಿನಿಂದಲೇ ಕರೆ ಬಂತು. ಮಾತಿನ ಧಾಟಿಯೇ ಬೇರೆಯಾಗಿತ್ತು.

ವರ್ಕ್ಸ್ ಮ್ಯಾನೇಜರ್ ಮಧ್ಯವಯಸ್ಸಿನ, ಮಿತಭಾಷಿ ಮನುಷ್ಯ. ಸರ್ವೀಸ್ ಸೆಂಟರಿನ ಹಿಂದಿನ, ಪೈಪು ಹಾಕಲು ಅಗೆದು ಅರೆಬರೆ ಮುಚ್ಚಿದ್ದ ರಸ್ತೆಗೆ ಕರೆದೊಯ್ದು, ಗಂಟೆಗೆ 15 ಕಿಲೋಮೀಟರಿನ ವೇಗದಲ್ಲಿ ಎಡ ಚಕ್ರವನ್ನಷ್ಟೇ ಗುಂಡಿಗೆ ಇಳಿಸಿ ಎಂದೆ. ಇಳಿಸಿದರು. 'ಟಕ್' ಎಂದಿತು. ಅವರು ಕಾರು ನಿಲ್ಲಿಸಿ ಹಿಂದಕ್ಕೆ ತೆಗೆದು ಮತ್ತೊಮ್ಮೆ ಇಳಿಸಿದರು, ಮತ್ತೆ ಕೇಳಿಸಿಕೊಂಡರು, ಆಮೇಲೆ "ಲಿಂಕ್ ರಾಡ್ ಇರಬೇಕು" ಎಂದು ತಾವೇ ಅಂದರು. ಆ ಪದವನ್ನು ನಾನು ಅಲ್ಲಿಯವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಗಿರಾಕಿಯೇ ಬಿಡಿಭಾಗದ ಹೆಸರು ಹೇಳಿದರೆ ಕೇಳುವವರಿಗೆ ಸಣ್ಣದೊಂದು ಹಟ ಹುಟ್ಟುತ್ತದೆ ಎಂಬುದು ತರಗತಿಯಲ್ಲಿ ಮೂವತ್ತು ವರ್ಷ ನಿಂತ ನನ್ನ ಅನುಭವ. ಉತ್ತರವನ್ನು ಅವರೇ ಹೇಳುವಂತೆ ಪ್ರಶ್ನೆ ಹಾಕುವುದು ಮೇಲು. ಷೆಡ್ಡಿಗೆ ಬಂದ ಮೇಲೆ ಅವರು ಎರಡೂ ಲಿಂಕ್ ರಾಡುಗಳನ್ನು ತುದಿಯಲ್ಲಿ ಬಿಚ್ಚಿಸಿ, ಬೇರೆಲ್ಲೂ ತಾಗದಂತೆ ತಂತಿಯಿಂದ ಕಟ್ಟಿಸಿ, ಆವರಣದೊಳಗೇ ನಿಧಾನವಾಗಿ ಓಡಿಸಿ ನೋಡಿದರು. ಸದ್ದು ಪೂರ್ತಿ ನಿಂತಿತ್ತು. ಹತ್ತೇ ನಿಮಿಷದ ಕೆಲಸ. ಅದನ್ನು ಎರಡು ತಿಂಗಳ ಹಿಂದೆಯೇ ಮಾಡಬಹುದಿತ್ತು.

ನಂತರ ವಾರಂಟಿಯ ಚರ್ಚೆ. ರಬ್ಬರ್ ಭಾಗಗಳು ಸವೆತಕ್ಕೆ ಸೇರುತ್ತವೆ ಎಂದು ಅಡ್ವೈಸರ್ ಶುರುಮಾಡಿದರು. ನಾನು ಕಾರಿನ ವಾರಂಟಿ ಪುಸ್ತಕದ ಪುಟ ತೆಗೆದು, ಸವೆತದ ಭಾಗಗಳ ಪಟ್ಟಿಯಲ್ಲಿ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಇವೆ, ಲಿಂಕ್ ರಾಡ್ ಎಲ್ಲಿದೆ ತೋರಿಸಿ ಎಂದೆ. ಇರಲಿಲ್ಲ. ಎಡಗಡೆಯದನ್ನು ವಾರಂಟಿಯಲ್ಲಿ ಬದಲಿಸಲು ಒಪ್ಪಿದರು. ಬಲಗಡೆಯದನ್ನೂ ಜೊತೆಗೇ ಬದಲಿಸಿದರೆ ಒಳ್ಳೆಯದು, ಆದರೆ ಅದಕ್ಕೆ ನೀವು ಕೊಡಬೇಕು ಎಂದರು. ಬೇಸತ್ತಿದ್ದ ನಾನು ಒಪ್ಪಿಬಿಟ್ಟೆ.

ಬಿಚ್ಚಿದ ಭಾಗಗಳನ್ನು ನೋಡದೆ ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಎಡಗಡೆಯ ರಾಡನ್ನು ಕೈಯಲ್ಲಿ ಹಿಡಿದು ಅದರ ತುದಿಯ ಬೋಲ್ಟನ್ನು ಬೆರಳಿನಿಂದ ತಟ್ಟಿದೆ. ಮುರಿದ ಗೊಂಬೆಯ ಕುತ್ತಿಗೆಯಂತೆ ಅತ್ತಿತ್ತ ಜೋಲಿ ಹೊಡೆಯಿತು. ವಾರಂಟಿಯ ಭಾಗವಾದ್ದರಿಂದ ಅದು ಕಂಪನಿಗೆ ಹಿಂದಿರುಗಬೇಕಿತ್ತು, ಅಲ್ಲೇ ಬಿಟ್ಟೆ. ಬಲಗಡೆಯದರ ಬೋಲ್ಟನ್ನು ಎರಡು ಬೆರಳಿನಿಂದ ಅಲುಗಿಸಲು ಹೋದೆ, ಜಗ್ಗಲಿಲ್ಲ, ಹೊಸದರಷ್ಟೇ ಬಿಗಿಯಾಗಿತ್ತು. ಗ್ಯಾರೇಜಿನಲ್ಲಿ ನನ್ನ ಬೆರಳು ಹೇಳಿದ್ದು ಅದನ್ನೇ, ನಾನು ಕೇಳಲಿಲ್ಲ. ದುಡ್ಡು ಕೊಟ್ಟ ಮೇಲೆ ಅದು ನನ್ನದೇ ಆದ್ದರಿಂದ ಮನೆಗೆ ತಂದೆ. ಈಗ ಅದು ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ, ಜಾಕಿನ ಜೊತೆಗೆ, ಸದ್ದು ಮಾಡದಂತೆ ಹಳೆಯ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಮಲಗಿದೆ.