ಐ2ಸಿ ಡೆಮೊ ಬೋರ್ಡ್: ಕೋಡ್‌ಗೆ ಬೈಯುವ ಮುಂಚೆ ರೆಸಿಸ್ಟರ್ ಎಣಿಸಿ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ನಡೆಯುವ ಲ್ಯಾಬ್‌ಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ‘ಸರ್, ಸೆನ್ಸರ್ ಡಿಟೆಕ್ಟ್ ಆಗ್ತಿಲ್ಲ.’ ಆ ಹೊತ್ತಿಗೆ ಹುಡುಗರು ಮೂರು ಲೈಬ್ರರಿ ಬದಲಿಸಿ, ಸೆನ್ಸರ್ ಸುಟ್ಟಿದೆ ಎಂದು ತೀರ್ಮಾನಿಸಿ ಇನ್ನೊಂದಕ್ಕೆ ಆರ್ಡರ್ ಹಾಕಿರುತ್ತಾರೆ. ಹೆಚ್ಚಿನ ಸಲ ಸೆನ್ಸರ್ ಚೆನ್ನಾಗಿಯೇ ಇರುತ್ತದೆ, ಕೋಡ್ ಕೂಡ. ಕೆಟ್ಟಿರುವುದು ನಡುವಿನ ಎರಡು ತಂತಿ.

ಆ ಎರಡು ತಂತಿಗಳೇ ಐ2ಸಿ ಬಸ್. 1982ರಲ್ಲಿ ಫಿಲಿಪ್ಸ್ ಕಂಪನಿ ರೂಪಿಸಿದ ವ್ಯವಸ್ಥೆ ಇದು. ಎಸ್‌ಡಿಎ ತಂತಿಯಲ್ಲಿ ಮಾಹಿತಿ, ಎಸ್‌ಸಿಎಲ್ ತಂತಿಯಲ್ಲಿ ಕ್ಲಾಕ್. ಗಡಿಯಾರದ ಚಿಪ್, ಮೆಮೊರಿ, ಒತ್ತಡ ಅಳೆಯುವ ಸೆನ್ಸರ್, ಪುಟ್ಟ ಡಿಸ್‌ಪ್ಲೇ ಎಲ್ಲವೂ ಅದೇ ಎರಡು ತಂತಿಗೆ ಜೋತುಬೀಳುತ್ತವೆ. ಇವನ್ನು ಒಂದೊಂದಾಗಿ ಸಿಕ್ಕಿಸಿ ಪರೀಕ್ಷಿಸಲು ಕಾಯಂ ಬೋರ್ಡ್ ಒಂದಿದ್ದರೆ ಅರ್ಧ ತಲೆನೋವು ಕಡಿಮೆ.

ಸಾಮಾನು

ಬೆಂಗಳೂರಿನವರಾದರೆ ಎಸ್‌.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ: ಕೋಡ್ ಓಡಿಸುವ ಮೈಕ್ರೋಕಂಟ್ರೋಲರ್ ಆಗಿ ಒಂದು ಇಎಸ್‌ಪಿ32 ಬೋರ್ಡ್, ಬೆಸೆಯಲು ಡಾಟ್ ಪಿಸಿಬಿ, ಪಿನ್ ಸಿಕ್ಕಿಸುವ ಫೀಮೇಲ್ ಹೆಡರ್, ಪಿನ್‌ಗಳ ಸಾಲಾದ ಬರ್ಗ್ ಸ್ಟ್ರಿಪ್, ಅದರ ಎರಡು ಪಿನ್ ಸೇರಿಸುವ ಜಂಪರ್ ಕ್ಯಾಪ್, 10 ಕಿಲೋಓಮ್, 4.7 ಕಿಲೋಓಮ್ ಮತ್ತು 2.2 ಕಿಲೋಓಮ್ ರೆಸಿಸ್ಟರ್ ಎರಡೆರಡು, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ನಾಲ್ಕಾರು, ಮಲ್ಟಿಮೀಟರ್. ಯುಎಸ್‌ಬಿ ಕೇಬಲ್ ತರುವಾಗ ಡೇಟಾ ಹೋಗುತ್ತದೆಯೇ ಎಂದು ಕೇಳಿ. ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್ ತಂದು ‘ಬೋರ್ಡ್ ಡೆಡ್’ ಎನ್ನುವವರಿಗೆ ಲೆಕ್ಕವಿಲ್ಲ.

ಬ್ರೆಡ್‌ಬೋರ್ಡ್ ಬೇಡ. ಒಂದು ಸಂಜೆಯ ಪ್ರಯೋಗಕ್ಕೆ ಸರಿ, ದಿನನಿತ್ಯದ ಪರೀಕ್ಷೆಗೆ ಅಲ್ಲ. ಉದ್ದದ ಬ್ರೆಡ್‌ಬೋರ್ಡ್‌ಗಳಲ್ಲಿ ಎಷ್ಟೋ ಸಲ ಪವರ್ ಸಾಲು ನಟ್ಟನಡುವೆ ತುಂಡಾಗಿರುತ್ತದೆ. ಆ ತುದಿಯ ಸೆನ್ಸರ್‌ಗೆ ಕರೆಂಟೇ ಹೋಗಿರುವುದಿಲ್ಲ.

ಇನ್ನು ವೋಲ್ಟೇಜ್. ಇಡೀ ಬೋರ್ಡ್ 3.3 ವೋಲ್ಟ್‌ನಲ್ಲೇ ಇರಲಿ. ಈ ವಿಷಯದಲ್ಲಿ ನಾನು ಹಟಮಾರಿ. ಮಾಡ್ಯೂಲ್‌ಗೆ (ಸೆನ್ಸರ್‌ನಂಥ ಚಿಪ್ ಕೂರಿಸಿದ ಪುಟ್ಟ ಬೋರ್ಡ್) 5 ವೋಲ್ಟ್ ಕೊಟ್ಟರೆ ಅದರ ಮೇಲಿನ ರೆಸಿಸ್ಟರ್ ಮೂಲಕ ಬಸ್ ತಂತಿಗೂ 5 ವೋಲ್ಟ್ ಬರಬಹುದು, ಇಎಸ್‌ಪಿ32 ಪಿನ್‌ಗಳು ಅದಕ್ಕಾಗಿ ಮಾಡಿದವಲ್ಲ. 5 ವೋಲ್ಟ್ ಬೇಡುವ 16 ಅಕ್ಷರ, 2 ಸಾಲಿನ ಎಲ್‌ಸಿಡಿಯನ್ನು ನೇರವಾಗಿ ಇಲ್ಲಿಗೆ ತರಬೇಡಿ. ತರಲೇಬೇಕಿದ್ದರೆ ಬಿಎಸ್‌ಎಸ್138 ಮಾಸ್‌ಫೆಟ್ ಇರುವ, ಎರಡು ವೋಲ್ಟೇಜ್‌ಗಳನ್ನು ಹೊಂದಿಸುವ ಲೆವೆಲ್ ಶಿಫ್ಟರ್ ನಡುವೆ ಹಾಕಿ.

ಬೆಸುಗೆ

ನಾಲ್ಕು ಪಿನ್‌ಗಳ ಫೀಮೇಲ್ ಹೆಡರ್ ನಾಲ್ಕೈದು ಸಾಲಾಗಿ ಕೂರಿಸಿ, 3.3 ವೋಲ್ಟ್, ಗ್ರೌಂಡ್, ಎಸ್‌ಸಿಎಲ್, ಎಸ್‌ಡಿಎ ನಾಲ್ಕನ್ನೂ ಉದ್ದಕ್ಕೆ ಎಳೆಯಿರಿ. ಒಂದೊಂದು ಹೆಡರ್ ಪಕ್ಕದಲ್ಲೂ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಎಸ್‌ಡಿಎಯನ್ನು ಇಎಸ್‌ಪಿ32ರ 21ನೇ ಪಿನ್‌ಗೆ, ಎಸ್‌ಸಿಎಲ್ಅನ್ನು 22ಕ್ಕೆ ಸೇರಿಸಿ. ಇಎಸ್‌ಪಿ32 ಅನ್ನು ಮಾತ್ರ ಬೆಸೆಯದೆ ಸಾಕೆಟ್‌ನಲ್ಲೇ ಕೂರಿಸಿ, ಬೇಕಾದಾಗ ಕಿತ್ತು ತೆಗೆಯುವಂತಿರಲಿ.

ಮಾಡ್ಯೂಲ್ ಸಿಕ್ಕಿಸುವ ಮುಂಚೆ ಅದರ ಮೇಲೆ ಅಚ್ಚಾಗಿರುವ ಪಿನ್ ಹೆಸರು ಓದಿ. ಒಂದೇ ರೀತಿ ಕಾಣುವ ಓಎಲ್‌ಇಡಿ ಡಿಸ್‌ಪ್ಲೇಗಳಲ್ಲಿ ಕೆಲವಕ್ಕೆ ಮೊದಲ ಪಿನ್ ಗ್ರೌಂಡ್, ಕೆಲವಕ್ಕೆ ಪವರ್. ಉಲ್ಟಾ ಸಿಕ್ಕಿಸಿದರೆ ಡಿಸ್‌ಪ್ಲೇ ಬಿಸಿಯಾಗಿ ಸಾಯುತ್ತದೆ.

ಎಲ್ಲರೂ ಎಡವುವುದು ಇಲ್ಲೇ: ಪುಲ್‌ಅಪ್

ಬಸ್‌ನಲ್ಲಿರುವ ಯಾವ ಚಿಪ್ಪೂ ತಂತಿಯನ್ನು ಮೇಲಕ್ಕೆ ತಳ್ಳುವುದಿಲ್ಲ. ಗ್ರೌಂಡ್‌ಗೆ ಎಳೆಯುವುದು ಅಥವಾ ಸುಮ್ಮನೆ ಬಿಟ್ಟುಬಿಡುವುದು, ಅಷ್ಟೇ ಅದಕ್ಕೆ ಗೊತ್ತು. ಬಿಟ್ಟ ತಂತಿಯನ್ನು ಮತ್ತೆ 3.3 ವೋಲ್ಟ್‌ಗೆ ಏರಿಸುವುದು ಪುಲ್‌ಅಪ್ ರೆಸಿಸ್ಟರ್. ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿನ ಸ್ಪ್ರಿಂಗ್ ಇದ್ದಂತೆ: ಸಡಿಲವಾದರೆ ಬಾಗಿಲು ನಿಧಾನಕ್ಕೆ ಮುಚ್ಚುತ್ತದೆ, ಬಿಗಿಯಾದರೆ ಮಕ್ಕಳಿಗೆ ತೆರೆಯಲಾಗದು.

ಮೊದಲು ಸಡಿಲದ ಲೆಕ್ಕ. ತಂತಿ, ಹೆಡರ್, ಚಿಪ್ ಎಲ್ಲ ಸೇರಿ ಬಸ್‌ಗೆ ಒಂದಿಷ್ಟು ಕೆಪಾಸಿಟೆನ್ಸ್ ಇರುತ್ತದೆ. ತಂತಿ ಮೇಲೇರಲು ಹಿಡಿಯುವ ಹೊತ್ತು ಸುಮಾರಾಗಿ 0.85 ಗುಣಿಸು ರೆಸಿಸ್ಟೆನ್ಸ್ ಗುಣಿಸು ಕೆಪಾಸಿಟೆನ್ಸ್. 100 ಕಿಲೋಹರ್ಟ್ಸ್ ವೇಗಕ್ಕೆ ಈ ಹೊತ್ತು 1000 ನ್ಯಾನೋಸೆಕೆಂಡ್ ಮೀರಬಾರದು, 400 ಕಿಲೋಹರ್ಟ್ಸ್‌ಗೆ 300. ನಿಮ್ಮ ಬಸ್ 100 ಪಿಕೋಫ್ಯಾರಡ್ ಎಂದುಕೊಳ್ಳಿ. 10 ಕಿಲೋಓಮ್ ಹಾಕಿದರೆ 850 ನ್ಯಾನೋಸೆಕೆಂಡ್, ನಿಧಾನದ ವೇಗಕ್ಕೆ ಹೇಗೋ ಪಾಸು. 4.7 ಹಾಕಿದರೆ 400. ಅಂದರೆ ಎಲ್ಲರೂ ಕಣ್ಣುಮುಚ್ಚಿ ಹಾಕುವ 4.7 ಕೂಡ ಹೆಚ್ಚಿನ ವೇಗಕ್ಕೆ ಸಾಲದು, 2.2 ಬೇಕು. ಚಿಪ್ ಒಳಗೇ ಇರುವ ಪುಲ್‌ಅಪ್ ಹತ್ತಾರು ಕಿಲೋಓಮ್‌ನದು. ‘ಒಳಗೇ ಇದೆಯಲ್ಲ, ಹೊರಗೆ ಯಾಕೆ’ ಎಂಬ ಶಾರ್ಟ್‌ಕಟ್ ಗಿಡ್ಡ ತಂತಿ ಇರುವವರೆಗೆ ನಡೆಯುತ್ತದೆ, ಆಮೇಲೆ ಕೈಕೊಡುತ್ತದೆ.

ಬಿಗಿಯಾಗುವುದು ಇನ್ನೂ ಮೋಸದ ಸಂಗತಿ, ಏಕೆಂದರೆ ಅದನ್ನು ಯಾರೂ ಬೇಕೆಂದು ಮಾಡುವುದಿಲ್ಲ. ಮಾರುಕಟ್ಟೆಯ ಬಹುತೇಕ ಮಾಡ್ಯೂಲ್‌ಗಳಲ್ಲಿ ಪುಲ್‌ಅಪ್ ಮೊದಲೇ ಕೂತಿರುತ್ತದೆ. ನಾಲ್ಕು ಮಾಡ್ಯೂಲ್, ಒಂದೊಂದರಲ್ಲೂ 4.7, ನಿಮ್ಮ ಬೋರ್ಡ್‌ನದೂ 4.7 ಎಂದರೆ ಐದೂ ಸಮಾನಾಂತರವಾಗಿ ಸೇರಿ 940 ಓಮ್ ಆಗುತ್ತದೆ. ಮಾನದಂಡದ ಪ್ರಕಾರ ಚಿಪ್ 3 ಮಿಲಿಆಂಪಿಯರ್ ನುಂಗಿಕೊಂಡು ತಂತಿಯನ್ನು 0.4 ವೋಲ್ಟ್‌ಗೆ ಇಳಿಸಿದರೆ ಸಾಕು; ಆ ಲೆಕ್ಕದಲ್ಲಿ 3.3 ವೋಲ್ಟ್‌ನ ಬಸ್‌ಗೆ ಕನಿಷ್ಠ 967 ಓಮ್ ಇರಬೇಕು. ಅದಕ್ಕಿಂತ ಕೆಳಗಾದರೆ ತಂತಿ ಪೂರ್ತಿ ಇಳಿಯುವ ಖಾತರಿಯಿಲ್ಲ. ಒಂದು ಚಿಪ್ ಅದನ್ನು ಸೊನ್ನೆ ಎಂದು ಓದಿದರೆ ಇನ್ನೊಂದು ತಡವರಿಸುತ್ತದೆ. ‘ಬಿಡಿಬಿಡಿಯಾಗಿ ಎಲ್ಲ ಕೆಲಸ ಮಾಡ್ತವೆ, ಒಟ್ಟಿಗೆ ಹಾಕಿದ್ರೆ ಇಲ್ಲ’ ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಇದನ್ನೇ.

ಹಾಗಾಗಿ ಬೋರ್ಡ್‌ನ ಪುಲ್‌ಅಪ್‌ಗಳನ್ನು ನೇರವಾಗಿ ಬೆಸೆದು ಕೂರಬೇಡಿ. 10, 4.7, 2.2 ಮೂರೂ ಜೋಡಿಗಳನ್ನು ಬರ್ಗ್ ಸ್ಟ್ರಿಪ್ ಮೂಲಕ ತಂದು, ಜಂಪರ್ ಕ್ಯಾಪ್ ಹಾಕಿದಾಗ ಮಾತ್ರ ಸೇರುವಂತೆ ಮಾಡಿ. ಈಗ ಯುಎಸ್‌ಬಿ ಕಿತ್ತು, ಇಎಸ್‌ಪಿ32 ತೆಗೆದು, ಮಾಡ್ಯೂಲ್‌ಗಳನ್ನೆಲ್ಲ ಸಿಕ್ಕಿಸಿ. ಮಲ್ಟಿಮೀಟರ್ ಓಮ್‌ನಲ್ಲಿರಲಿ. ಕೆಂಪು ಕಡ್ಡಿ 3.3ರ ಸಾಲಿಗೆ, ಕಪ್ಪು ಎಸ್‌ಡಿಎಗೆ, ಓದಿ ಬರೆದುಕೊಳ್ಳಿ. ಆಮೇಲೆ ಎಸ್‌ಸಿಎಲ್. 2ರಿಂದ 4 ಕಿಲೋಓಮ್ ನಡುವೆ ಬಂದರೆ ನಾನು ಮುಂದೆ ಹೋಗುತ್ತೇನೆ. ಹೆಚ್ಚು ಬಂದರೆ ಕ್ಯಾಪ್ ಹಾಕಿ, ಕಡಿಮೆ ಬಂದರೆ ತೆಗೆಯಿರಿ. ತೆಗೆದರೂ ಸಾಲದಿದ್ದರೆ ಮಾಡ್ಯೂಲ್ ಮೇಲೆ 472 ಎಂದು ಬರೆದ ಪುಟ್ಟ ರೆಸಿಸ್ಟರ್ ಹುಡುಕಿ ಎಬ್ಬಿಸಿ (103 ಎಂದಿದ್ದರೆ ಅದು 10 ಕಿಲೋಓಮ್, ಅಷ್ಟು ಕಾಟ ಕೊಡದು). ಎರಡು ತಂತಿಗಳ ಓದಿನಲ್ಲಿ ತುಂಬ ವ್ಯತ್ಯಾಸವಿದ್ದರೆ ಎಲ್ಲೋ ಬೆಸುಗೆ ಹಿಡಿದಿಲ್ಲ.

ಒಂದೊಂದೇ ಸಿಕ್ಕಿಸಿ

ಈಗ ಎಲ್ಲ ಮಾಡ್ಯೂಲ್ ತೆಗೆದು, ಇಎಸ್‌ಪಿ32 ಕೂರಿಸಿ, ಐ2ಸಿ ಸ್ಕ್ಯಾನರ್ ಕೋಡ್ ಹಾಕಿ. ಬಸ್‌ನಲ್ಲಿ ಒಂದೊಂದು ಚಿಪ್‌ಗೂ ಒಂದು ವಿಳಾಸ ಇರುತ್ತದೆ; ಯಾವ ವಿಳಾಸದಿಂದ ಉತ್ತರ ಬರುತ್ತಿದೆ ಎಂದು ಈ ಕೋಡ್ ತೋರಿಸುತ್ತದೆ.

ಮೊದಲ ಅತಿಥಿ ಡಿಎಸ್3231 ಗಡಿಯಾರದ ಮಾಡ್ಯೂಲ್ ಆಗಲಿ. ಸಾಮಾನ್ಯವಾಗಿ ಸಿಗುವ ಮಾಡ್ಯೂಲ್‌ನಲ್ಲಿ ಮೆಮೊರಿ ಚಿಪ್ಪೂ ಇರುವುದರಿಂದ ಹೆಕ್ಸ್ (16ರ ಆಧಾರದ ಸಂಖ್ಯೆ) 68 ಮತ್ತು ಹೆಕ್ಸ್ 57, ಎರಡು ವಿಳಾಸ ಒಟ್ಟಿಗೆ ಕಾಣುತ್ತವೆ. ಬಸ್ ಸರಿಯಿದೆ ಎನ್ನಲು ಅದು ಸಾಕು. ಈ ಮಾಡ್ಯೂಲ್ ಬಗ್ಗೆ ಒಂದು ಎಚ್ಚರಿಕೆ: ಇದರಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸರ್ಕ್ಯೂಟ್ ಇದೆ, ಆದರೆ ನಾವು ಹಾಕುವ ಸಿಆರ್2032 ಚಾರ್ಜ್ ಆಗುವ ಜಾತಿಯದಲ್ಲ. 3.3 ವೋಲ್ಟ್‌ನಲ್ಲಿ ತೊಂದರೆಯಿಲ್ಲ; 5 ವೋಲ್ಟ್‌ನ ಆರ್ಡುಯಿನೊಗೆ ಒಯ್ಯುವುದಾದರೆ ಡಯೋಡ್ ಪಕ್ಕದ 201 ರೆಸಿಸ್ಟರ್ ಕಿತ್ತುಬಿಡಿ.

ಆಮೇಲೆ ಚಲನೆ ಅಳೆಯುವ ಎಂಪಿಯು6050 ಸೆನ್ಸರ್ ಹಾಕಿದರೆ ಅದರ ವಿಳಾಸವೂ ಹೆಕ್ಸ್ 68! ಗಡಿಯಾರ ಮತ್ತು ಅದು ಒಟ್ಟಿಗೆ ಮಾತಾಡಿ ಗೋಜಲಾಗುತ್ತದೆ. ಎಡಿ0 ಪಿನ್ನನ್ನು 3.3ಕ್ಕೆ ಕಟ್ಟಿ, 69 ಆಗುತ್ತದೆ. ಓಎಲ್‌ಇಡಿ ಹಿಂದೆ ಹೆಕ್ಸ್ 78 ಎಂದು ಅಚ್ಚಾಗಿದ್ದರೂ ಸ್ಕ್ಯಾನರ್ 3ಸಿ ಎಂದರೆ ಗಾಬರಿ ಬೇಡ. ಓದುವ, ಬರೆಯುವ ಬಿಟ್ ಸೇರಿಸಿ ಹೇಳಿದರೆ 78, ಬಿಟ್ಟು ಹೇಳಿದರೆ 3ಸಿ. ಕೋಡ್‌ನಲ್ಲಿ 3ಸಿ ಹಾಕಿ.

ಒತ್ತಡದ ಜೊತೆ ತೇವಾಂಶವನ್ನೂ ಅಳೆಯುವ ಬಿಎಂಇ280 ಸೆನ್ಸರ್ ಎಂದು ಹೇಳಿ, ತೇವಾಂಶ ಅಳೆಯದ ಬಿಎಂಪಿ280 ಮಾರುವವರಿದ್ದಾರೆ. ವಿಳಾಸ ಎರಡಕ್ಕೂ ಒಂದೇ, ಅದರಿಂದ ಗೊತ್ತಾಗದು. ಹೆಕ್ಸ್ ಡಿ0 ರಿಜಿಸ್ಟರ್ ಓದಿ: 60 ಬಂದರೆ ಅಸಲಿ ಬಿಎಂಇ, 58 ಬಂದರೆ ಬಿಲ್ ಹಿಡಿದು ಅಂಗಡಿಗೆ ವಾಪಸ್.

ಎಸ್‌ಡಿಎ, ಎಸ್‌ಸಿಎಲ್, ಗ್ರೌಂಡ್ ಮೂರಕ್ಕೂ ಬೋರ್ಡ್ ಅಂಚಿನಲ್ಲಿ ಒಂದೊಂದು ಬರ್ಗ್ ಪಿನ್ ಎಬ್ಬಿಸಿಡಿ. ಎಂಟು ಚಾನೆಲ್‌ನ ಅಗ್ಗದ ಲಾಜಿಕ್ ಅನಲೈಸರ್ ಅಲ್ಲಿ ಸಿಕ್ಕಿಸಿ ಪಲ್ಸ್‌ವ್ಯೂ ತಂತ್ರಾಂಶದಲ್ಲಿ ವಿಳಾಸ, ಉತ್ತರ ಎಲ್ಲ ಓದಬಹುದು. ಆದರೆ ಅದಕ್ಕೆ ಕಾಣುವುದು ಸೊನ್ನೆ ಮತ್ತು ಒಂದು ಮಾತ್ರ. ತಂತಿ ನಿಧಾನಕ್ಕೆ ಏರುತ್ತಿದೆಯೇ ಎಂದು ನೋಡಲು ಆಸಿಲೋಸ್ಕೋಪೇ ಬೇಕು, ಕಾಲೇಜ್ ಲ್ಯಾಬ್‌ನದ್ದನ್ನೇ ಬಳಸಿಕೊಳ್ಳಿ.

ಎಲ್ಲ ಚೆನ್ನಾಗಿ ನಡೆಯುತ್ತಿದ್ದು, ರೀಸೆಟ್ ಗುಂಡಿ ಒತ್ತಿದ ಮೇಲೆ ಬಸ್ ಸತ್ತುಹೋಯಿತೇ? ಸೆನ್ಸರ್ ಉತ್ತರ ಕೊಡುತ್ತಿರುವಾಗಲೇ ನೀವು ಇಎಸ್‌ಪಿ32 ಅನ್ನು ರೀಸೆಟ್ ಮಾಡಿದ್ದೀರಿ. ಸೆನ್ಸರ್‌ಗೆ ರೀಸೆಟ್ ಆಗಿಲ್ಲ, ಅದು ಮುಂದಿನ ಕ್ಲಾಕ್‌ಗೆ ಕಾಯುತ್ತ ಎಸ್‌ಡಿಎಯನ್ನು ಕೆಳಗೇ ಹಿಡಿದು ಕೂತಿದೆ. ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಪ್ರಯೋಜನವಿಲ್ಲ. ಯುಎಸ್‌ಬಿ ಕಿತ್ತು ಹಾಕಿ. ಇಲ್ಲವೇ ಬಸ್ ಶುರುಮಾಡುವ ಮುಂಚೆ ಎಸ್‌ಸಿಎಲ್ ಪಿನ್ನನ್ನು ಒಂಬತ್ತು ಸಲ ಕೆಳಗೆ-ಮೇಲೆ ಮಾಡುವ ನಾಲ್ಕು ಸಾಲು ಕೋಡ್ ಸೇರಿಸಿ.